ಸುಡದ ಅಂಗೈ

ಸೋಮವಾರ ಸಂಜೆ ನಮ್ಮೂರ ಮಠದಲ್ಲಿ ಮಂಗಳಾರತಿಯ ಹೊತ್ತಿಗೆ ಜನರ ಕಣ್ಣು ಗದ್ದುಗೆಯ ಮೇಲೆ ಇರುತ್ತಿರಲಿಲ್ಲ, ನಮ್ಮ ಅತ್ತೆಯ ಬಲಗೈ ಮೇಲೆ ಇರುತ್ತಿತ್ತು. ಅತ್ತೆ ಕಸ್ತೂರೆವ್ವ ಅಂಗೈಯಲ್ಲೇ ಕರ್ಪೂರ ಹಚ್ಚಿಕೊಂಡು ಬೆಳಗುತ್ತಿದ್ದರು. ಉರಿ ಆರುವ ತನಕ ಮುಖದ ಒಂದು ಗೆರೆ ಅಲುಗುತ್ತಿರಲಿಲ್ಲ. ಬೊಬ್ಬೆ ಎದ್ದರೆ ಅದರ ಮೇಲೆ ವಿಭೂತಿ ಒತ್ತಿಕೊಂಡು ಮನೆಗೆ ಬರುತ್ತಿದ್ದರು. ಒಂದೂವರೆ ವರ್ಷದಿಂದ ಹೀಗೆ ನಡೆದಿತ್ತು. ನವಲಗುಂದದಿಂದ ಕೂಡ ಬಸ್ಸು ಹತ್ತಿ ಬಂದು ಅವರ ಕಾಲು ಮುಟ್ಟಿ ಹೋಗುವವರಿದ್ದರು.

ನಾನು ಅವರ ಸೊಸೆ ಸುಶೀಲಾ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ೧೯೭೪ರಲ್ಲಿ ಲಗ್ನವಾಗಿ ಬಂದು, ಇದೇ ಊರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಲಗ್ನವಾಗಿ ಬಂದ ಮೊದಲ ಎಂಟು ತಿಂಗಳು ನಾನೂ ಬೀಗಿದವಳೇ. ಮಧ್ಯಾಹ್ನ ಹುಡುಗಿಯರಿಗೆ ನರಕೋಶದ ಚಿತ್ರ ಬರೆಸಿ, ಸಂಜೆ ಮನೆಗೆ ಬಂದು, ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಅತ್ತೆ ಬರಿಗೈಯಲ್ಲಿ ಒತ್ತಿ ಒತ್ತಿ ಬೇಯಿಸುವುದನ್ನು ನೋಡಿ, ಈ ಕೈ ನನಗೆ ಯಾವಾಗ ಬಂದೀತು ಎಂದು ಹೊಟ್ಟೆಕಿಚ್ಚುಪಟ್ಟಿದ್ದೆ. ಕಲಿಸುವ ಪಾಠವನ್ನು ಶಾಲೆಯಲ್ಲೇ ಬಿಟ್ಟು ಬರುವ ಮಾಸ್ತರಣಿ ನಾನು.

ಒಂದು ಮುಂಜಾನೆ ಅಡಿಗೆಮನೆಯಲ್ಲಿ ಸುಟ್ಟ ಕಮರು ವಾಸನೆ ಬಂತು. ಅತ್ತೆ ಒಲೆಯ ದಂಡೆಗೆ ಬಲಗೈ ಊರಿ ಕೂತು ನನ್ನೊಂದಿಗೆ ಮಾತಾಡುತ್ತಿದ್ದರು. ಅವರ ಕಿರುಬೆರಳ ಕೆಳಗೆ ಒಂದು ಕೆಂಡವಿತ್ತು.

ನಾನು ಕೈ ಹಿಡಿದು ಜಗ್ಗಿದೆ. "ಏನಾತ ಬೇ?" ಎಂದರು.

ಬೆರಳ ಚರ್ಮ ಬೆಂದುಹೋಗಿತ್ತು. ಆ ಕೈಯನ್ನು ಅಂದು ಮೊದಲ ಸಲ ಸರಿಯಾಗಿ ನೋಡಿದೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಅರ್ಧ ಮಡಚಿಕೊಂಡಿದ್ದವು, ಬಿಡಿಸಿದರೂ ನೇರವಾಗಲಿಲ್ಲ. ಮೊಣಕೈ ಕೆಳಗೆ ಬೆಳ್ಳಗಿನ ಮಚ್ಚೆಯಿತ್ತು. ಮೊಣಕೈ ಹಿಂದಿನ ನರ ಹಗ್ಗದ ಹಾಗೆ ದಪ್ಪವಾಗಿ ಕೈಗೆ ಸಿಕ್ಕಿತು. ನನ್ನ ಬಾಯಿಗೆ ಮೊದಲಿನಿಂದಲೂ ಬೀಗವಿಲ್ಲ.

"ಅತ್ತೀ, ಇದು ಭಕ್ತಿ ಅಲ್ಲರಿ. ಇದು ಕುಷ್ಠ."

ಅಂದಿನಿಂದ ಅತ್ತೆ ನಾನು ಮುಟ್ಟಿದ ಅನ್ನ ಮುಟ್ಟಲಿಲ್ಲ. ತಾವೇ ರೊಟ್ಟಿ ಬಡಿದು, ತಾವೇ ತಿಂದು, ನನಗೆ ಬೆನ್ನು ಹಾಕಿ ಕೂರುತ್ತಿದ್ದರು. ನಮ್ಮವರು ಒಮ್ಮೆ ತಾಯಿಯ ಮುಖ, ಒಮ್ಮೆ ನನ್ನ ಮುಖ ನೋಡಿ, "ಆ ಮಾತ ಮತ್ತ ಎತ್ತಬ್ಯಾಡ" ಎಂದು ಹೊಲಕ್ಕೆ ಹೋಗಿಬಿಟ್ಟರು. ಗಂಡಸರಿಗೆ ಹೊಲ ಒಂದು ದೊಡ್ಡ ಅನುಕೂಲ.

ನಾನು ಬಿಡಲಿಲ್ಲ. ಇನ್ನೊಂದು ಸೋಮವಾರ ಆ ಕೈ ಸುಟ್ಟರೆ, ಗಾಯ ಕೊಳೆತು ಬೆರಳೇ ಹೋಗಬಹುದಿತ್ತು. ದಿನಾ ಮೂರು ಹೊತ್ತು ಅವರ ಬೆನ್ನಿಗೇ ಹೇಳಿದೆ: "ಹುಬ್ಬಳ್ಳಿಗೆ ಹೋಗೂಣು, ಡಾಕ್ಟರಿಗೆ ತೋರಸೂಣು." ನಾಲ್ಕನೇ ದಿನ ಹಂಚಿನ ಮೇಲೆ ರೊಟ್ಟಿ ಹಾಕಿ ಅವರೇ ತಿರುಗಿದರು.

"ಅಗದಿ ಶಾಣೇಕಿ, ಓದಿದಾಕಿ ಇದ್ದೀಯಲ್ಲ. ಬೆರಳಿಗೆ ಕಾವು ತಾಕಿದ್ದು ತಲಿಗೆ ಹೆಂಗ ತಿಳೀತೈತಿ, ಹೇಳು."

"ಮೈಯಾಗ ಉಪ್ಪಿನ ನೀರ ಐತ್ರಿ. ನರದ ಹೊರಗ ಒಂದು ನಮೂನಿ ಉಪ್ಪು ಹೆಚ್ಚು, ಒಳಗ ಇನ್ನೊಂದು ನಮೂನಿದು. ಕಾವು ತಾಕಿದ ಕೂಡಲೇ ನರದ ತುದಿಯಾಗಿನ ಸಣ್ಣ ಸಣ್ಣ ಬಾಗಲಾ ತೆರೀತಾವು. ಹೊರಗಿನ ಉಪ್ಪು ಒಳಗ ನುಗ್ಗತೈತಿ. ಆವಾಗ ಕರೆಂಟ್ ಹುಟ್ಟತೈತಿ. ಆ ಕರೆಂಟ್ ಬಾಜೂಕಿನ ಬಾಗಲಾ ತೆರೀತೈತಿ, ಅದು ಅದರ ಮುಂದಿಂದು. ಹಿಂಗ ಮಿದುಳತನಾ."

"ನಮ್ಮ ಓಣಿಗೇ ಕರೆಂಟ್ ಬಂದಿಲ್ಲ, ನನ್ನ ಮೈಯಾಗ ಬಂತೇನು?"

"ಹುಟ್ಟಿದಾಗಿಂದ ಐತ್ರಿ. ಭಾಳ ಸಣ್ಣದು. ಬಾವಿ ತೋಡುವಾಗ ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ಮ್ಯಾಲ ಬರತೈತಲ್ರಿ, ಯಾರೂ ತಮ್ಮ ಜಾಗಾ ಬಿಡೂದಿಲ್ಲ, ಬುಟ್ಟಿ ಅಷ್ಟ ಬರತೈತಿ. ಹಂಗ. ನಿಮ್ಮ ಬಲಗೈಯಾಗ ನಡುವಿನ ಮಂದಿ ಬಿದ್ದಾರ್ರಿ. ಸುಡೂದು ಸುಡತೈತಿ, ಸುದ್ದಿ ಅಷ್ಟ ಮ್ಯಾಲ ಬರೂದಿಲ್ಲ."

ಅತ್ತೆ ರೊಟ್ಟಿ ತಿರುವಿ ಹಾಕಿದರು. "ಭಕ್ತಿ ಇದ್ದವರಿಗೂ ಸುಡೂದಿಲ್ಲ" ಎಂದರು.

"ಹಂಗಾರ ಎಡಗೈಯಾಗ ಕರ್ಪೂರ ಹಿಡೀರಿ."

"ಎಡಗೈಲೆ ಆರತಿ? ಬುದ್ಧಿ ಐತೇನು ನಿನಗ?"

ಒಂದೂವರೆ ವರ್ಷ ಇಡೀ ಊರು ಮೋಸ ಹೋದದ್ದು ಇಲ್ಲೇ. ಎಡಗೈಯಿಂದ ಆರತಿ ಬೆಳಗುವವರು ಯಾರಿದ್ದಾರೆ? ಬೆಳಗದ ಕೈ ಸುಡುತ್ತದೋ ಇಲ್ಲವೋ ಎಂದು ಯಾರು ಕೇಳಿಯಾರು?

"ಆರತಿ ಬ್ಯಾಡ್ರಿ. ಹಂಚಿನ ಮ್ಯಾಲಿನ ಈ ರೊಟ್ಟಿ ಎಡಗೈಲೆ ಒತ್ತರಿ. ಭಕ್ತಿ ಅನ್ನೂದು ಒಂದ ಕೈಯಾಗ ಇರತೈತೇನ್ರಿ?"

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ, ನನಗೆ ಬುದ್ಧಿ ಕಲಿಸುವ ಹಟಕ್ಕೆ, ಎಡ ಅಂಗೈಯನ್ನು ರೊಟ್ಟಿಯ ಮೇಲೆ ಇಟ್ಟರು. ಇಟ್ಟದ್ದೇ ತಡ, ಕೈ ತಾನಾಗಿ ಹಿಂದೆ ಬಂದಿತ್ತು. ನೋವು ತಿಳಿದದ್ದು ಅದರ ನಂತರ. ಬೆರಳನ್ನು ಬಾಯಲ್ಲಿಟ್ಟುಕೊಂಡರು, ತೆಗೆದರು, ಎರಡೂ ಕೈ ಮಡಿಲಲ್ಲಿಟ್ಟು ನೋಡುತ್ತ ಕೂತರು. ಹಂಚಿನ ಮೇಲೆ ರೊಟ್ಟಿ ಕರಕಲಾಯಿತು. ಇಬ್ಬರೂ ಅದನ್ನು ತೆಗೆಯಲಿಲ್ಲ.

"ಒಂದೂವರೆ ವರ್ಷ ಮಂದಿ ನನ್ನ ಕಾಲ ಮುಟ್ಟಿದರಲ್ಲ" ಎಂದು ಅತ್ತೆ ಅಳತೊಡಗಿದರು. ನನಗೂ ಅಳು ತಡೆಯಲಾಗಲಿಲ್ಲ. ಗೆದ್ದೆ ಎಂಬ ಖುಷಿ ಒಂದಿಷ್ಟೂ ಆಗಲಿಲ್ಲ.

ಮರುದಿನ ಹುಬ್ಬಳ್ಳಿಯ ಡಾಕ್ಟರರು ಅತ್ತೆಯ ಕಣ್ಣು ಮುಚ್ಚಿಸಿ, ಅಂಗೈಗೆ ಹತ್ತಿಯ ಎಳೆ ತಾಗಿಸಿ, ಮುಟ್ಟಿದ್ದು ತಿಳಿಯುತ್ತದೋ ಎಂದು ನೋಡಿದರು. ರೋಗದ ಹುಳು ನರಕ್ಕೆ ಹೊದಿಸಿದ ಪದರಿನೊಳಗೆ ಹೊಕ್ಕಿದೆ, ಪದರು ಹಾಳಾದರೆ ಕರೆಂಟ್ ಮುಂದೆ ಸಾಗುವುದಿಲ್ಲ ಎಂದರು. ಸತ್ತ ನರ ತಿರುಗಿ ಬಂದೀತೆಂದು ಮಾತು ಕೊಡಲಿಲ್ಲ. ವರ್ಷಗಟ್ಟಲೆ ಗುಳಿಗೆ ನುಂಗಬೇಕು, ಕೈ ಸುಟ್ಟುಕೊಳ್ಳಬಾರದು, ಹಾಗಾದರೆ ಇದ್ದ ಬೆರಳು ಉಳಿಯುತ್ತವೆ ಎಂದರು. ಗುಳಿಗೆ ಶುರುವಾದರೆ ಉಳಿದವರಿಗೆ ಅಂಟುವ ಭಯ ಬಹಳ ಕಡಿಮೆ ಎಂದೂ ತಿಳಿಸಿ ಹೇಳಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಂಜಿದವಳು ನಾನು. "ಮಠದಾಗ ಕೈಗೆ ಗಾಯ ಆಗೇತಿ ಅಂತ ಹೇಳಿದ್ರ ಸಾಕ್ರಿ ಅತ್ತೀ. ರೋಗದ ಹೆಸರು ಹೇಳೂದು ಬ್ಯಾಡ. ಊರು ನಮ್ಮನ್ನ ದೂರ ಇಡತೈತಿ."

"ಸುಳ್ಳಿಗೆ ಕಾಲ ಮುಟ್ಯಾರ" ಎಂದರು ಅತ್ತೆ, ಕಿಟಕಿಯಿಂದ ಹತ್ತಿಯ ಹೊಲ ನೋಡುತ್ತ. "ಖರೇ ಹೇಳಿದ ಮ್ಯಾಲ ಮುಟ್ಟತಾರೋ ಇಲ್ಲೋ, ನೋಡೂಣು."

ಸೋಮವಾರ ಬಂತು. ಬಲಗೈಗೆ ಬಟ್ಟೆ ಸುತ್ತಿಕೊಂಡು ಅತ್ತೆ ಗದ್ದುಗೆಯ ಮುಂದೆ ನಿಂತರು. ಕರ್ಪೂರದ ತಟ್ಟೆಯನ್ನು ಬೇರೆಯವರ ಕೈಗೆ ಕೊಟ್ಟು ಜನರ ಕಡೆ ತಿರುಗಿದರು.

"ನನಗ ಸುಡಲಿಲ್ಲ, ಅದಕ್ಕ ನೀವು ನನ್ನ ದೊಡ್ಡಾಕಿ ಮಾಡಿದ್ರಿ. ಇದು ಭಕ್ತಿ ಅಲ್ಲ, ಬ್ಯಾನಿ. ದೊಡ್ಡ ರೋಗ, ಕುಷ್ಠ. ಗುಳಗಿ ಶುರು ಮಾಡೇನಿ."

ಹೆಂಗಸರು ಸೆರಗು ಎಳೆದುಕೊಂಡು ಹಿಂದೆ ಸರಿದರು. ವಾರವಾರ ಕಾಲು ಮುಟ್ಟುತ್ತಿದ್ದ ನೀಲಕ್ಕ ಎಲ್ಲರಿಗಿಂತ ಮೊದಲು ಸರಿದಳು. ನನಗೆ ಸಿಟ್ಟು ಬಂತು. ಅತ್ತೆ ಮಾತ್ರ ನಿಂತ ಜಾಗ ಬಿಡಲಿಲ್ಲ.

"ಯಾರಿಗೆ ಕಾವು ತಿಳಿಯೂದಿಲ್ಲ, ಯಾರಿಗೆ ಮುಳ್ಳು ಚುಚ್ಚಿದ್ದು ತಿಳಿಯೂದಿಲ್ಲ, ಅವರು ಮುಂದ ಬರ್ರಿ. ಮುಚ್ಚಿಟ್ರ ಕೈಕಾಲು ಹೋಗತಾವು."

ಯಾರೂ ಬರಲಿಲ್ಲ. ಆರತಿ ಮುಗಿಯಿತು, ಅರ್ಧ ಜನ ಹೋದರು. ಅತ್ತೆ ಹಾಗೆಯೇ ನಿಂತಿದ್ದರು. ಕೊನೆಗೆ ಕಂಬದ ಮರೆಯಿಂದ, ಹೊಲದ ಕೂಲಿಗೆ ಹೋಗುವ ಹೊಳೆಪ್ಪ ಬಂದು, ನೆಲಕ್ಕೆ ಕೂತು, ಬಲಗಾಲಿಗೆ ಸುತ್ತಿದ್ದ ಅರಿವೆ ಬಿಚ್ಚಿದ. ಅಂಗಾಲಿನಲ್ಲಿ ಜಾಲಿಮುಳ್ಳೊಂದು ಪೂರ್ತಿ ಇಳಿದು ಕಪ್ಪಗಾಗಿತ್ತು.

"ಇದು ಯಾವಾಗ ನೆಟ್ಟೈತೋ ನನಗ ಗೊತ್ತಿಲ್ರಿ ಯವ್ವಾ" ಎಂದ.

ನಾನು ಚೀಲದಿಂದ ಹತ್ತಿ ತೆಗೆದೆ. ಅತ್ತೆ ಅದನ್ನು ನನ್ನ ಕೈಯಿಂದ ಎಡಗೈಯಲ್ಲಿ ಇಸಿದುಕೊಂಡು, ಅವನೆದುರು ಕೂತರು.

"ಕಣ್ಣ ಮುಚ್ಚಪಾ. ಮುಟ್ಟಿದ ಕೂಡಲೇ ಹೇಳು."

ಹೊಳೆಪ್ಪ ಕಣ್ಣು ಮುಚ್ಚಿದ. ಅತ್ತೆ ಹತ್ತಿಯ ಎಳೆಯನ್ನು ಅವನ ಹಿಮ್ಮಡಿಗೆ ತಾಗಿಸಿದರು, ಅಂಗಾಲಿಗೆ ತಾಗಿಸಿದರು, ಐದೂ ಬೆರಳಿಗೆ ಒಂದೊಂದಾಗಿ ತಾಗಿಸಿದರು. ಹೊಳೆಪ್ಪ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಕಾಯುತ್ತಿದ್ದ.

"ಯಾವಾಗ ಮುಟ್ಟತೀರ್ರಿ ಯವ್ವಾ?" ಎಂದು ಕೇಳಿದ.