ಅಲ್ಲಾಡದ ಕೊಳವೆ

ಕೊನೆಯ ಬೆಣೆಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ ಮೆಕ್ಯಾನಿಕ್, ಹೊಗೆ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಮನೆ ಅಲ್ಲಾಡಿತು, ಕೊಳವೆ ಅಲ್ಲಾಡಲಿಲ್ಲ.

"ನೋಡು," ಅಂದ ಹೆಂಡತಿಗೆ. "ಆನೆ ಬಂದು ಎಳೀಲಿ ಈಗ."

"ಆನೆ ಯಾಕ್ರೀ ಬರುತ್ತೆ ನಮ್ಮನೆಗೆ? ಬರ್ತಿರೋದು ಅತ್ತೆ."

ಅತ್ತೆ ಇಪ್ಪತ್ತು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಎದೆಯಲ್ಲಿ ಕಫ ಕಟ್ಟಿ, ಇನ್ನೇನು ಹೋದಳು ಅಂತ ಮೂರು ಸಲ ಎಲ್ಲರೂ ಅತ್ತು, ಮೂರು ಸಲವೂ ಅವಳು ಕಣ್ಣು ಬಿಟ್ಟು, "ಏನ್ ಗಲಾಟೆ?" ಅಂದಿದ್ದಳು. ಮನೆಗೆ ಕಳಿಸುವ ಮುಂಚೆ ಡಾಕ್ಟರು ಮಗನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಎರಡೇ ಮಾತು. ಚಳಿ ತಾಕಬಾರದು. ಹೊಗೆಯಂತೂ ಮೂಗಿನ ಹತ್ತಿರಕ್ಕೂ ಬರಬಾರದು. ಇನ್ನೊಂದು ಸಲ ಎದೆ ಕಟ್ಟಿದರೆ ನಮ್ಮ ಕೈಯಲ್ಲಿಲ್ಲ.

ಹೊರಗೆ ಉಗಿದರೆ ಎಂಜಲು ನೆಲ ಮುಟ್ಟುವ ಮೊದಲೇ ಕಲ್ಲಾಗುವಂಥ ಚಳಿ. ಅದಕ್ಕೇ ಈ ಕಬ್ಬಿಣದ ಒಲೆ. ಕೆಳಗೆ ಎರಡು ವರಸೆ ಇಟ್ಟಿಗೆ ಹಾಸಿ, ಗೋಡೆಯಿಂದ ದೂರ ಕೂರಿಸಿದ್ದ. ಅಷ್ಟರ ಮಟ್ಟಿಗೆ ಒಲೆ ಮಾರಿದ ಅಂಗಡಿಯವನ ಮಾತು ಕೇಳಿದ್ದ. ಕೊಳವೆ ನೆಟ್ಟಗೆ ಮೇಲೇರಿ, ತಲೆಯ ಮಟ್ಟ ದಾಟಿದ ಮೇಲೆ ತಿರುಗಿ, ಹಲಗೆ ಗೋಡೆಯನ್ನು ತೂರಿಕೊಂಡು ಆಚೆ ಹೋಗಿತ್ತು. ತಕರಾರಿದ್ದದ್ದು ಆ ತೂತಿನಲ್ಲಿ.

ಇಪ್ಪತ್ತಾರು ವರ್ಷ ಬಸ್ ಡಿಪೋದಲ್ಲಿ ದುಡಿದವನ ಲೋಕದಲ್ಲಿ ಮಹಾಪಾಪ ಒಂದೇ, ಅಲ್ಲಾಡುವುದು. ಗಡಗಡ ಅನ್ನುವ ಕಿಟಕಿಗೆ ರಬ್ಬರು, ಕುಣಿಯುವ ಸೀಟಿಗೆ ಬೆಣೆ. ಇಲ್ಲಿಗೂ ಅದೇ ಮದ್ದು ಮಾಡಿದ್ದ. ಕೊಳವೆಯ ಸುತ್ತ ನಾಲ್ಕು ಮರದ ಬೆಣೆ ಬಡಿದು, ಉಳಿದ ಸಂದಿಗೆ ಹಳೇ ಬಸ್ ಸೀಟಿನ ಸ್ಪಂಜು ತುರುಕಿ, ಮೇಲೆ ಹೊಳೆಯುವ ತಗಡಿನ ಬಳೆ ಕೂರಿಸಿದ್ದ. ಇರುವೆ ಒಳಗೆ ಬರಬೇಕಾದರೂ ಅವನ ಅಪ್ಪಣೆ ಬೇಕಿತ್ತು.

"ಕೊಳವೆ ಸುತ್ತ ಎರಡು ಗೇಣು ಮರ ಇರಬಾರದು ಅಂದಿದ್ನಲ್ರೀ ಅಂಗಡಿಯವನು?"

"ಸುತ್ತ ಎರಡು ಗೇಣು ಬಿಟ್ರೆ ಅದು ತೂತಲ್ಲ ಕಣೇ, ಬಾಗಿಲು. ಅವನಿಗೆ ತಗಡು ಮಾರಬೇಕು, ಹೇಳ್ತಾನೆ. ನಮ್ ಬಸ್ಸಲ್ಲಿ ಸೈಲೆನ್ಸರ್ ಮೇಲೇ ಜನ ಕೂತಿರ್ತಾರೆ. ಇವತ್ತಿನವರೆಗೂ ಯಾರ ಕುಂಡಿ ಸುಟ್ಟಿದೆ ಹೇಳು?"

ಅವಳು ನಗಲಿಲ್ಲ. ಹದಿನಾಲ್ಕು ವರ್ಷದಿಂದ ಬೇಕರಿಯ ಭಟ್ಟಿಯ ಮುಂದೆ ನಿಂತು ಬೇಯಿಸಿದವಳು. ಅವಳ ಮೊಣಕೈವರೆಗಿನ ಕೂದಲು ಯಾವತ್ತೋ ಸುಟ್ಟುಹೋಗಿ, ಮತ್ತೆ ಹುಟ್ಟುವ ಧೈರ್ಯ ಮಾಡಿರಲಿಲ್ಲ.

"ಬಸ್ಸು ಓಡುತ್ತೆ, ಗಾಳಿ ಬಡಿಯುತ್ತೆ. ಗೋಡೆ ಎಲ್ಲಿಗ್ರೀ ಓಡುತ್ತೆ? ಬಿಸಿ ನಿಧಾನಕ್ಕೆ ಒಳಗೆ ಹೋಗುತ್ತೆ. ನಮ್ಮ ಭಟ್ಟಿ ಗೋಡೆ ಬೆಂಕಿ ಹಾಕಿ ಎರಡು ಗಂಟೆ ಆದ್ಮೇಲೇ ಸುಡೋಕೆ ಶುರು. ಎರಡು ಗಂಟೆ ಉರಿಸಿ ನೋಡೋಣ."

"ಅಮ್ಮ ನಾಲ್ಕಕ್ಕೆ ಬರೋದು. ಉರಿಸೋಣ ಬಿಡು, ಟೈಮಿದೆ."

ಹೊತ್ತಿಸಿ ಅರ್ಧ ಗಂಟೆಯಾಗಿತ್ತು, ಅಷ್ಟೇ. ಹೊರಗೆ ಆಸ್ಪತ್ರೆ ಗಾಡಿಯ ಹಾರನ್ ಕೇಳಿಸಿತು. ಅತ್ತೆಗೆ ಜೀವಮಾನದಲ್ಲಿ ಹೇಳಿದ ಹೊತ್ತಿಗೆ ಬಂದು ಗೊತ್ತಿರಲಿಲ್ಲ.

ಮಗ ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದ.

"ಮೆಲ್ಲಗೋ! ಗೇರ್ ಬಾಕ್ಸ್ ಅಲ್ಲ ನಾನು, ನಿನ್ನ ಹೆತ್ತೋಳು."

ಮಂಚದ ಮೇಲೆ ಕೂರಿಸಿದ ಮೇಲೆ ಮುದುಕಿ ಒಲೆ ನೋಡಿದಳು. ಇಟ್ಟಿಗೆ ನೋಡಿದಳು. ಕೊಳವೆಯ ಜೊತೆ ಕಣ್ಣನ್ನು ಮೇಲಕ್ಕೆ ಹತ್ತಿಸಿ, ತಗಡಿನ ಬಳೆಯ ಹತ್ತಿರ ನಿಲ್ಲಿಸಿದಳು. ಕೈ ಚಾಚಿ ಬೆಚ್ಚಗಾದಳು. ಗಂಡ ಹೆಂಡತಿ ಇಬ್ಬರೂ ಉಸಿರು ಹಿಡಿದು ನಿಂತಿದ್ದರು. ಈ ಮಗನನ್ನು ಅವಳು ಹೊಗಳಿದ್ದು ನಲವತ್ತೇಳು ವರ್ಷದಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಅವನು ಹುಟ್ಟಿದ ದಿನ ಸೂಲಗಿತ್ತಿ ಎತ್ತಿ ತೋರಿಸಿದರೆ, "ಇದನ್ನೇ ಇಟ್ಕೋಬೇಕಾ?" ಅಂದಿದ್ದಳಂತೆ.

"ಒಳ್ಳೇ ಕೆಲಸ ಮಾಡಿದ್ದೀಯ ಮಗಾ," ಅಂದಳು ಮುದುಕಿ.

ಮೆಕ್ಯಾನಿಕ್ ಗೋಡೆಯ ಕಡೆ ತಿರುಗಿ, ಆಗಲೇ ಬಿಗಿಯಾಗಿದ್ದ ಸ್ಕ್ರೂವನ್ನು ಇನ್ನಷ್ಟು ಬಿಗಿ ಮಾಡತೊಡಗಿದ. ಎಷ್ಟು ಹೊತ್ತಾದರೂ ಈ ಕಡೆ ತಿರುಗಲಿಲ್ಲ. ತಿರುಗಿದಾಗ ಕಣ್ಣು ಕೆಂಪಾಗಿತ್ತು. ಆ ಖುಷಿಗೆ ಒಲೆಗೆ ಮೂರು ದಪ್ಪ ಕೊರಡು ಹಾಕಿದ.

ಮುದುಕಿ ನಿದ್ದೆ ಹೋದಳು. ಗಡಿಯಾರದ ಮುಳ್ಳು ಒಂದು ಸುತ್ತು ಮುಗಿಸಿ, ಇನ್ನೊಂದರ ಅರ್ಧಕ್ಕೆ ಬಂದಿತ್ತು. ಹೆಂಡತಿ ಮೂಗೆತ್ತಿದಳು.

"ಏನೋ ವಾಸನೆ."

"ಹೊಸ ಒಲೆ ಕಣೇ. ಬಣ್ಣ ಸುಡ್ತಿದೆ."

ಬಣ್ಣದ ವಾಸನೆ ಮೊದಲನೇ ಅರ್ಧ ಗಂಟೆಗೇ ಮುಗಿದಿತ್ತು. ಇದು ಬೇರೆ, ಸ್ವಲ್ಪ ಸಿಹಿ, ಸ್ವಲ್ಪ ಕಹಿ. ಅವಳು ಸ್ಟೂಲು ಹತ್ತಿ, ಬಳೆಯಿಂದ ಒಂದು ಗೇಣು ಮೇಲೆ ಹಲಗೆಗೆ ಅಂಗೈ ಹಿಂಬದಿ ತಾಗಿಸಿದಳು. ಮೂರು ಎಣಿಸುವಷ್ಟು ಹೊತ್ತೂ ಕೈ ಇಡಲಾಗಲಿಲ್ಲ. ಹೊರಗೆ ಹೋಗಿ ಆಚೆ ಬದಿಯ ಹಲಗೆ ಮುಟ್ಟಿದಳು. ಊರೆಲ್ಲ ಮಂಜುಗಡ್ಡೆಯಾಗಿದ್ದಾಗ ಆ ಹಲಗೆ ಈಗ ತಾನೇ ಭಟ್ಟಿಯಿಂದ ಹೊರತೆಗೆದ ರೊಟ್ಟಿಯ ಹಾಗಿತ್ತು.

ಒಳಗೆ ಬಂದು ಗಂಡನ ತೋಳು ಹಿಡಿದಳು. "ಬೆಂಕಿ ತೆಗೀರಿ. ಗೋಡೆ ಒಳಗೆ ಸ್ಪಂಜು ಹತ್ಕೊಂಡಿದೆ."

ಅವನು ಅಮ್ಮನ ಮುಖ ನೋಡಿದ. ಬಾಯಿ ಸ್ವಲ್ಪ ತೆರೆದು, ಮಗುವಿನ ಹಾಗೆ ಮಲಗಿದ್ದಳು. "ಈಗ ಬೇಡ ಕಣೇ," ಅಂದ ಪಿಸುಮಾತಲ್ಲಿ. "ಗಾಳಿ ಕಮ್ಮಿ ಮಾಡ್ತೀನಿ. ಬೆಳಗ್ಗೆ ನೋಡೋಣ. ನೀನೇ ಕೇಳಿಸ್ಕೊಂಡೆ ತಾನೇ, ಏನಂದ್ಲು..."

"ಕೇಳಿಸ್ಕೊಂಡೆ."

"ಮತ್ತೆ?"

ಬೆಳಗ್ಗೆ ನೋಡೋಣ ಅಂತ ಅವನು ಹೇಳಿದಾಗ ಅವಳಿಗೂ ಒಂದು ಗಳಿಗೆ ಹೂಂ ಅನ್ನಬೇಕೆನಿಸಿತ್ತು. ಅಷ್ಟರಲ್ಲಿ ಮುದುಕಿ ನಿದ್ದೆಯಲ್ಲೇ ಕೆಮ್ಮಿದಳು. ಒಂದೇ ಸಲ, ಒಣ ಕೆಮ್ಮು.

"ಅತ್ತೆ, ಏಳಿ." ಹೊದಿಕೆ ಸಮೇತ ಅವಳನ್ನು ಎಬ್ಬಿಸಿ ತೋಳಿಗೆ ಹಾಕಿಕೊಂಡಳು. "ಎದುರುಗಡೆ ಟೈಲರ್ ಮನೆಗೆ ಹೋಗೋಣ."

"ಈಗ ತಾನೇ ಬಂದೆನಲ್ಲೇ, ಆಗಲೇ ಆಚೆ ಹಾಕ್ತೀಯಾ? ಸಾಯೋವರೆಗಾದ್ರೂ ಕಾಯಿ!"

"ಬೈಯೋದು ಅಲ್ಲಿ ಕೂತ್ಕೊಂಡು ಬೈಯ್ರಿ. ಬಾಯಿಗೆ ಬಟ್ಟೆ ಹಿಡೀರಿ."

ಬೀದಿ ದಾಟಿಸಿ, ಟೈಲರ್ ಹೆಂಡತಿಯ ಕೈಗೆ ಒಪ್ಪಿಸಿ ಓಡಿ ಬಂದಾಗ ಗಂಡ ಸ್ಟೂಲಿನ ಮೇಲೆ ನಿಂತಿದ್ದ. ಅವನ ಅಂಗೈ ಕೆಂಪಗಾಗಿತ್ತು. ಹಲಗೆ ಮುಟ್ಟಿ ನೋಡಿದ್ದ. ತಗಡಿನ ಬಳೆ ಕಿತ್ತು ನೆಲಕ್ಕೆ ಬಿದ್ದಿತ್ತು. ಸಂದಿಯಿಂದ ದಾರದ ಹಾಗೆ ಹೊಗೆ ಬರುತ್ತಿತ್ತು.

"ಬೆಣೆ ಬರ್ತಿಲ್ಲ ಕಣೇ." ಇಕ್ಕಳ ಹಾಕಿ ಎಳೆದ, ಜಾರಿತು. ಮತ್ತೆ ಎಳೆದ. ಎಷ್ಟು ಚೆನ್ನಾಗಿ ಬಡಿದಿದ್ದನೆಂದರೆ ಅವನ ಕೈಕೆಲಸಕ್ಕೆ ಅವನೇ ಸೋತ. "ಬರ್ತಾನೇ ಇಲ್ಲ!"

"ಹಲಗೆ ಒಡೀರಿ. ತಡೀರಿ, ನೀರು ತರ್ತೀನಿ ಮೊದಲು. ಗಾಳಿ ತಾಗಿದ್ರೆ ಭಗ್ ಅನ್ನುತ್ತೆ."

ಅವಳು ಒಲೆಯ ಗಾಳಿ ಕಿಂಡಿ ಮುಚ್ಚಿ, ಕೆಂಡವನ್ನು ಸಲಿಕೆಯಲ್ಲಿ ಬಾಚಿ ಕಬ್ಬಿಣದ ಬಕೆಟ್ಟಿಗೆ ತುಂಬಿ ಅಂಗಳಕ್ಕೆ ಎಸೆದಳು. ಎರಡು ಬಕೆಟ್ ನೀರು ತಂದಿಟ್ಟಳು. ಅವನು ಹಾರೆ ತೂರಿಸಿ ಮೀಟಿದ. ಹಲಗೆ ಚೀರಿ ಕಿತ್ತುಬಂತು. ಒಳಗೆ ಸ್ಪಂಜು ಕಪ್ಪು ಡಾಂಬರಾಗಿತ್ತು. ಅದರ ಅಂಚಿನಲ್ಲಿ ಕೆಂಪು ಗೆರೆಯೊಂದು ಸದ್ದಿಲ್ಲದೆ ಮೇಲಿನ ಹಲಗೆಯತ್ತ ತೆವಳುತ್ತಿತ್ತು. ಗಾಳಿ ಕಂಡದ್ದೇ ತಡ, ಒಂದು ಮೊಳ ಜ್ವಾಲೆ ಎದ್ದು ಅವನ ಹುಬ್ಬು ಸವರಿತು.

"ಹಾಕು!"

ಹಾಕಿದಳು. ಅರ್ಧ ಗೋಡೆಗೆ, ಅರ್ಧ ಗಂಡನಿಗೆ. ಎರಡನೆಯದು ಪೂರ್ತಿ ಗೋಡೆಗೇ ಬಿತ್ತು. ಬುಸ್ಸೆಂದು ಹಬೆ ಎದ್ದು, ಅಡಗಿತು.

ಅವನು ಅಲ್ಲೇ ಕುಸಿದು ಕೂತ. ಒಂದು ಹುಬ್ಬು ಇರಲಿಲ್ಲ. ಅವಳು ಪಕ್ಕದಲ್ಲಿ ಕೂತು ಅವನ ಸುಟ್ಟ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಸಂಜೆ ಟೈಲರ್ ಮನೆಯ ಬಾಗಿಲಲ್ಲಿ ಹೋಗಿ ನಿಂತ. ಮುದುಕಿ ಮಸಿ ಮೆತ್ತಿದ ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಬೈಗಳಿಗೆ ತಲೆ ತಗ್ಗಿಸಿದ.

"ಅಂದಿದ್ದನ್ನ ವಾಪಸ್ ತಗೊಳ್ಳಲ್ಲ ನಾನು," ಅಂದಳು. "ಒಲೆ ಚೆನ್ನಾಗಿದೆ. ತೂತು ಚಿಕ್ಕದಾಯ್ತು. ನಿನ್ನ ಹೆಂಡ್ತಿ ಹೇಳಿದಷ್ಟು ದೊಡ್ಡದು ಮಾಡು. ಅಲ್ಲೀವರೆಗೂ ಇವರ ಮನೆ ಅನ್ನ ಖಾಲಿ ಮಾಡ್ತಿರ್ತೀನಿ."

ಎರಡು ದಿನ ಹಿಡಿಯಿತು. ಸುಟ್ಟ ಹಲಗೆಯನ್ನೆಲ್ಲ ಗರಗಸ ಹಾಕಿ ಕೊಯ್ದು, ಕೊಳವೆಯ ಸುತ್ತ ಎರಡು ಗೇಣು ಬಯಲು ಮಾಡಿ, ಒಳಗೊಂದು ಹೊರಗೊಂದು ತಗಡು ಹೊಡೆದ. ನಡುವೆ ಏನನ್ನೂ ತುಂಬಲಿಲ್ಲ.

ಮೂರನೇ ದಿನ ಮಧ್ಯಾಹ್ನ ಒಲೆ ಹೊತ್ತಿಸಿದರು. ಎರಡು ಗಂಟೆ ಆಗುವ ತನಕ ಬರಬೇಡ ಅಂದರೂ ಮುದುಕಿ ಕೇಳಲಿಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲ ಹತ್ತಿರವೇ ಕುರ್ಚಿ ಹಾಕಿಸಿಕೊಂಡಳು. ಅವಳ ಒಂದು ಪಕ್ಕ ಮಗ, ಇನ್ನೊಂದು ಪಕ್ಕ ಸೊಸೆ. ಬೆಂಕಿಯನ್ನು ಯಾರೂ ನೋಡಲಿಲ್ಲ. ಮೂವರೂ ಕತ್ತೆತ್ತಿ ಗೋಡೆಯನ್ನೇ ನೋಡುತ್ತಿದ್ದರು. ಹೊಸ ತಗಡಿನ ಹೊಳಪಿನಲ್ಲಿ ಒಲೆಯ ಉರಿಯ ಪ್ರತಿಬಿಂಬ ಮಸುಕಾಗಿ ಏಳುತ್ತಿತ್ತು, ಇಳಿಯುತ್ತಿತ್ತು.