ಹೊನ್ನಪ್ಪನ ಪಾಲಿನ ನಿಮಿಷಗಳು

ಹಾಲಿನ ಸೊಸೈಟಿಯ ಕಾರ್ಯದರ್ಶಿ ಚಲುವರಾಜು ಮಂಡ್ಯದ ತರಬೇತಿಯಿಂದ ಹೊಸ ಪದ್ಧತಿಯೊಂದನ್ನು ಕಲಿತು ಬಂದ. ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಪ್ರತಿ ವಿಷಯದ ಪಕ್ಕ ಯಾರು ಮಂಡಿಸಬೇಕು, ಎಷ್ಟು ನಿಮಿಷ ಎಂದು ಬರೆಯಬೇಕು. ಹಾಗೆ ಬರೆದರೆ ಸಭೆ ಬೇಗ ಮುಗಿಯುತ್ತದಂತೆ.

ಹಾಗೆಂದವರಿಗೆ ಪಾಂಡವಪುರದ ಕಡೆಯ ನಾಲೆ ಗೊತ್ತಿರಲಿಲ್ಲ. ಇಲ್ಲಿ ನೀರು ಸರದಿಯ ಮೇಲೆ ಬರುತ್ತದೆ. ಗದ್ದೆ ತುಂಬಿದರೂ ಸರದಿಯವನ ಹೊತ್ತು ಮುಗಿಯುವವರೆಗೆ ಪಕ್ಕದವನು ನೀರು ತಿರುಗಿಸಿಕೊಳ್ಳುವಂತಿಲ್ಲ. ನಿರ್ದೇಶಕರು ಕಾರ್ಯಸೂಚಿಯನ್ನೂ ಹಾಗೆಯೇ ಓದಿಕೊಂಡರು.

ಕೊನೆಯ ವಿಷಯ ನಿರ್ದೇಶಕಿ ಸಿದ್ದಲಿಂಗಮ್ಮನದು. ಬೆಳಗ್ಗೆ ಏಳಕ್ಕೆ ತೆಗೆಯುವ ಸೊಸೈಟಿಯನ್ನು ಆರಕ್ಕೇ ತೆಗೆಯಬೇಕು. ಮೊಮ್ಮಗಳು ಹೇಮಶ್ರೀ ಹಾಲು ಹಾಕಿ ಓಡುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಹಾಜರಿ ಇನ್ನೂ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದ್ದರು. ಹಿಂದಿನ ಸಭೆಯಲ್ಲಿ ಈ ವಿಷಯ ಬರುವ ಮೊದಲೇ ಎಲ್ಲರೂ ಹಸು ಕರೆಯಲು ಎದ್ದುಹೋಗಿದ್ದರು.

ಅದಕ್ಕೆ ಮುಂಚಿನದು ಹೊನ್ನಪ್ಪನ ವಿಷಯ: ಗೋಡೆಗೆ ಬಣ್ಣ, ಇಪ್ಪತ್ತು ನಿಮಿಷ.

"ಅಸ್ರು ಒಡ್ಸಿ," ಎಂದ ಹೊನ್ನಪ್ಪ. ಹಸಿರು ಬಣ್ಣಕ್ಕೆ ಎಲ್ಲರೂ ಒಪ್ಪಿದರು. ಚಲುವರಾಜು ಮುಂದಿನ ವಿಷಯ ಓದಲು ಎದ್ದ.

"ಕೂತ್ಕೊಳ್ಲಾ. ನನ್ ಒತ್ತು ಇನ್ನೂ ಐತೆ."

"ಮಾತು ಮುಗೀತಲ್ಲ ಹೊನ್ನಪ್ಪಣ್ಣ?"

"ಮಾತು ಮುಗೀತು. ಒತ್ತು ಮುಗೀತಾ?"

ಇದು ಯಾರಿಗೂ ತಪ್ಪೆನಿಸಲಿಲ್ಲ. ಎಲ್ಲರೂ ಗೋಡೆ ನೋಡುತ್ತ ಕುಳಿತರು. ಹೊರಗೆ ಬಿಸಿಲು ಇಳಿಯುತ್ತಿತ್ತು. ಇಬ್ಬರು ಆಗಲೇ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

ಸಿದ್ದಲಿಂಗಮ್ಮ ಕೇಳಿದಳು. "ಅಣ್ಣ, ಉಳ್ದಿರೋ ಅದಿನೈದ್ ನಿಮ್ಸ ನಂಗ್ ಬುಟ್ಕೊಡು. ಮುಂದ್ಲ ಮೀಟಿಂಗ್ನಲ್ಲಿ ನನ್ ಪಾಲು ನೀನೇ ತಗೊ."

"ನಿನ್ ಗಂಡನೂ ಇಂಗೇ ಅಂದು ನನ್ ನೀರು ತಿರುಗ್ಸ್ಕೊಂಡ. ವಾಪಸ್ ಕೊಡ್ನಿಲ್ಲ."

"ಅವ್ರು ತೀರೋದ್ರು. ವಾಪಸ್ ಕೊಡೋಕೆ ನಾನಿವ್ನಿ."

ಅಧ್ಯಕ್ಷ ದ್ಯಾವಯ್ಯ ಕೆಮ್ಮಿದ. "ಕೊಟ್ಬುಡ್ಲಾ ಹೊನ್ನ. ನಾವೆಲ್ಲ ಸಾಕ್ಸಿ ಇವ್ವಿ."

ಹೊನ್ನಪ್ಪ ಬೀಡಿ ಹೊತ್ತಿಸಿ, ಯೋಚಿಸಿ, ಆಗಲಿ ಎಂದು ಕೈ ಬೀಸಿದ. ಸಿದ್ದಲಿಂಗಮ್ಮ ವಿಷಯ ಹೇಳಿದಳು. ಹೇಳಿದಷ್ಟೇ ಹೊತ್ತಿನಲ್ಲಿ ಅದು ಪಾಸಾಯಿತು.

"ಮಿಕ್ಕಿದ್ದ ಏನ್ ಮಾಡೀಯೆ?" ಎಂದ ಹೊನ್ನಪ್ಪ, ನಿಜವಾಗಿಯೂ ತಿಳಿಯುವ ಆಸೆಯಿಂದ.

"ಓಗಿ ಅಸ ಕರ್ಕೊಳ್ಳಿ," ಎಂದಳು.

ಹೇಮಶ್ರೀಗೆ ಬಸ್ಸು ಸಿಗತೊಡಗಿತು. ಮುಂದಿನ ಕಾರ್ಯಸೂಚಿಯಲ್ಲಿ ಚಲುವರಾಜು ಸಿದ್ದಲಿಂಗಮ್ಮನ ಹೆಸರಿಗೆ ಹದಿನೈದು ನಿಮಿಷ ಬರೆದ. ವಿಷಯದ ಜಾಗ ಖಾಲಿ ಇತ್ತು. ಆ ಹೊತ್ತು ಬಂದಾಗ ಹೊನ್ನಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ. ಸಭೆ ಅವನ ಗೊರಕೆ ಕೇಳುತ್ತ ಶಿಸ್ತಾಗಿ ಕುಳಿತಿತ್ತು. ಎಬ್ಬಿಸಲು ಹೋದ ಚಲುವರಾಜುವಿನ ಕೈಯನ್ನು ಸಿದ್ದಲಿಂಗಮ್ಮನೇ ತಡೆದಳು.