ಹೆಬ್ಬೆರಳಿನ ಉಬ್ಬು

“ಒಂಚೂರು ಉಸಿರು ಹಿಡೀರಿ ಸರ. ಗಾಳಿ ಅಳ್ಳಾಡತೈತಿ,” ಎಂದಳು ಸುಧಾರಾಣಿ, ಬ್ಲೇಡಿನ ಅಂಚಿಗೆ ಕಣ್ಣು ಹಚ್ಚಿಕೊಂಡೇ.

ಬ್ಯಾಡಗಿಯ ಅವಳ ತಂದೆಯ ಮೆಣಸಿನಕಾಯಿ ಗೋದಾಮು ಸುಗ್ಗಿ ಮುಗಿದು ಖಾಲಿಯಾಗಿತ್ತು. ದಪ್ಪ ಗೋಡೆ, ನಿಂತ ಗಾಳಿ. ಘಾಟು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿಗೆ ಗೋಣಿತಾಟು ಕಟ್ಟಿ ಕತ್ತಲು ಮಾಡಿದ್ದರು. ಆ ತುದಿಯಲ್ಲಿ ದೂರದರ್ಶಕದ ಕನ್ನಡಿಗೆಂದು ತಿಕ್ಕಿದ ಹನ್ನೆರಡು ಇಂಚಿನ ಗಾಜು, ಅದರ ಪಕ್ಕ ಶಶಿಕಾಂತ. ರಾಣೇಬೆನ್ನೂರಿನ ಕಾಲೇಜಿನಲ್ಲಿ ಇಬ್ಬರೂ ಭೌತಶಾಸ್ತ್ರದ ಅಧ್ಯಾಪಕರು. ಮಂಗಳ ಗ್ರಹ ಹತ್ತಿರ ಬಂದ ೨೦೦೩ರಲ್ಲಿ ಕಾಲೇಜಿಗೊಂದು ದೂರದರ್ಶಕ ಮಾಡಲು ಹೊರಟವರು, ಎರಡು ವರ್ಷದಿಂದ ಅಲ್ಲಿ ತಿಕ್ಕುವುದು, ರವಿವಾರ ಇಲ್ಲಿಗೆ ತಂದು ಅಳೆಯುವುದು.

ದೀಪದ ಬೆಳಕು ಗಾಜಿಗೆ ಹೋಗಿ ಮರಳಿ ಕೂಡುವಲ್ಲಿ ಬ್ಲೇಡು ಅಡ್ಡ ಹಿಡಿದರೆ, ಕೂದಲೆಳೆಗಿಂತ ಎಷ್ಟೋ ಸಣ್ಣ ಉಬ್ಬುತಗ್ಗೂ ನೆರಳಾಗಿ ಕಾಣುತ್ತದೆ. ಮೊದಲ ದಿನ ಅವನು ಗಾಜಿಗೆ ಹೆಬ್ಬೆರಳು ಒತ್ತಿ ತೆಗೆದಿದ್ದ. ಬೆರಳಿನ ಕಾವಿಗೆ ಗಾಜು ಗುಡ್ಡದಂತೆ ಎದ್ದು, ನಿಧಾನವಾಗಿ ಇಳಿದದ್ದನ್ನು ಅವಳು ನೋಡಿದ್ದಳು.

“ಮಾಸ್ತರ, ಎರಡು ವರ್ಷ ತಿಕ್ಕೀರಿ, ಇನ್ನೂ ಅದರಾಗ ಮಾರಿ ಕಾಣವಲ್ದು! ಸಂತ್ಯಾಗಿನ ಕನ್ನಡೀನ ಚಲೋ,” ಬಾಗಿಲಾಚೆ ಚೀಲದ ಮೇಲೆ ಕುಳಿತ ಅವಳ ತಂದೆ ಅಂದಾನೆಪ್ಪ ಕೂಗಿದ.

“ಇದು ಮಾರಿಗಲ್ರೀ ಕಾಕಾ, ಆಕಾಶದಾಗಿನ ಚಿಕ್ಕಿ ನೋಡಾಕ,” ಎಂದ ಶಶಿಕಾಂತ.

“ಬೀದರದಾಗ ಮನಿಯವರ ಕೂಡ ಕುಂತು ನೋಡ್ರಿ ಚಿಕ್ಕಿ. ವರ್ಗ ಆತಲ್ಲ, ಚಲೋ ಆತು.”

ಶಶಿಕಾಂತನ ಹೆಂಡತಿ ಬೀದರಿನಲ್ಲಿ ಶಿಕ್ಷಕಿ. ವರ್ಗ ಕೇಳಿದ್ದು ಅವನೇ. ನಾಳೆ ಹೊರಡುವುದು. ಕನ್ನಡಿ ಸರಿಬಂದಿದ್ದರೆ ಹೊಳಪಿನ ಲೇಪಕ್ಕೆ ಬೆಂಗಳೂರಿಗೆ ಕಳಿಸುವುದು. ಇಲ್ಲದಿದ್ದರೆ ರಜೆ ಹಾಕಿ ಮತ್ತೆ ಬರುತ್ತೇನೆ ಎಂದಿದ್ದ.

ಅವಳು ಅಂಚಿನಿಂದ ನಡುವಿನವರೆಗೆ ವಲಯ ವಲಯವಾಗಿ ಅಳೆದಳು. ಗೋಳದ ಬಾಗಿಗಿಂತ ನಡುವೆ ಎಷ್ಟು ಹೆಚ್ಚು ಆಳ ಬೇಕೋ ಅಷ್ಟೇ ಇತ್ತು, ಕನ್ನಡಿ ಸರಿಬಂದಿತ್ತು. ಮತ್ತೊಮ್ಮೆ ಅಳೆದಳು. ಅಷ್ಟೇ.

“ನಡುವ ಉಬ್ಬೈತ್ರಿ,” ಎಂದಳು.

“ಖರೇನ? ಹೋದ ವಾರ ಇರಲಿಲ್ಲಲ್ಲ.”

“ನೀವ ನೋಡ್ರಿ.”

ಅವನು ಈಚೆ ಬರುವಾಗ ಅವಳು ಆಚೆ ಹೋದಳು. ಕತ್ತಲಲ್ಲಿ ಇಬ್ಬರೂ ಗೋಡೆಯತ್ತ ಸರಿದು ಒಬ್ಬರನ್ನೊಬ್ಬರು ದಾಟಿದರು. ಅವಳು ಗಾಜಿನ ನಡುವೆ ಹೆಬ್ಬೆರಳು ಒತ್ತಿ ಹಿಡಿದಳು. ಅವನು ಕನ್ನಡಕ ಒರೆಸಿಕೊಂಡು ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ತೆಗೆದಳು.

ಅವನು ಬ್ಲೇಡಿನ ಅಂಚಿಗೆ ಕಣ್ಣು ಹಚ್ಚಿದ.

“ಹೌದ್ರಿ ಮೇಡಂ. ಉಬ್ಬೈತಿ.” ತುಸು ತಡೆದು, “ಇಳ್ಯಾಕತ್ತೈತಿ,” ಎಂದ.

ಚಹಾ ಆರುತ್ತದೆಂದು ಅಂದಾನೆಪ್ಪ ಹೊರಗಿನಿಂದ ಕೂಗಿದ. “ಬಂದ್ವಿ ಕಾಕಾ,” ಎಂದ ಶಶಿಕಾಂತ. ಬ್ಲೇಡಿನಿಂದ ಕಣ್ಣು ಮಾತ್ರ ತೆಗೆಯಲಿಲ್ಲ. ಗಾಜಿನ ತಂಪು ಹತ್ತಿದ ಹೆಬ್ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಉಬ್ಬು ಪೂರ್ತಿ ಇಳಿಯುವವರೆಗೆ ಅವಳು ಕನ್ನಡಿಯ ಪಕ್ಕದಲ್ಲೇ ನಿಂತಿದ್ದಳು.